ತಾಮ್ರದ ಕಾಸು

ಮೊಣಕೈವರೆಗೂ ಗಾಜಿನ ತೊಟ್ಟಿಯ ಉಪ್ಪುನೀರಿನಲ್ಲಿ ಅದ್ದಿದ್ದ ರಂಜಿತಳ ಕೈಗೆ ಮರಳಿನಡಿ ತೆಳ್ಳಗೆ, ದುಂಡಗೆ ಏನೋ ಸಿಕ್ಕಿತು. ಹೊರಗೆ ತೆಗೆದು ನೋಡಿದಳು. ಹಳೇ ತಾಮ್ರದ ಕಾಸು. ಅಂಚಿಗೆಲ್ಲ ಹಸಿರು ಕಿಲುಬು.

"ಅಜ್ಜೀ!"

ಕೂಗಿನ ಧಾಟಿಯಲ್ಲೇ ಶಾಂತಮಲ್ಲಮ್ಮನಿಗೆ ವಿಷಯ ತಿಳಿದುಹೋಯಿತು. ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಮುದುಕಿ ಕೂತಲ್ಲಿಂದಲೇ ಹೇಳಿದಳು: "ಅದ ಎತ್ತಬ್ಯಾಡ ಕಣವ್ವಾ. ಅರಕೆ ಕಾಸು. ಅಲ್ಲೇ ಬುಟ್ಬುಡು."

ಪಣಕಹಳ್ಳಿಯಲ್ಲಿ ಮನೆಯೊಳಗೆ ಸಮುದ್ರ ಸಾಕಿಕೊಂಡವಳು ರಂಜಿತ ಒಬ್ಬಳೇ. ತಾಳವಾಡಿಯ ಮೆಡಿಕಲ್ ಸ್ಟೋರಿನಲ್ಲಿ ಅವಳಿಗೆ ಕೆಲಸ. ಈರೋಡಿನಲ್ಲಿ ಜೊತೆಗೆ ಓದಿದ ಸಂಗೀತ ತನ್ನ ಮನೆಯ ತೊಟ್ಟಿಯಲ್ಲಿ ಬೆಳೆದ ಹವಳದ ತುಂಡುಗಳನ್ನು ಕತ್ತರಿಸಿ ಕೊಟ್ಟಿದ್ದಳು, ನೆರೆಮನೆಯವರು ದಾಸವಾಳದ ಕಡ್ಡಿ ಮುರಿದು ಕೊಡುವ ಹಾಗೆ. ಹವಳವೆಂದರೆ ಕೊರಳಿನ ಕೆಂಪು ಮಣಿ ಎಂದು ತಿಳಿದಿದ್ದ ಊರಿನವರು, ಬೆಳಕಿಗೆ ಅರಳಿ ಕತ್ತಲಿಗೆ ಮುದುಡುವ ಅಂಗಿಯ ಗುಂಡಿಗಳಂಥ ಈ ಹಸಿರು ಜೀವಗಳನ್ನು ಬಾಯಿ ಬಿಟ್ಟುಕೊಂಡು ನೋಡಿಹೋದರು. ಬೀದಿಗೆ ಹೋದ ಮೇಲೆ, ಮದುವೆ ವಯಸ್ಸಿನ ಹೆಣ್ಣಿಗೆ ಇದೆಂಥ ಹುಚ್ಚು ಎಂದು ಆಡಿಕೊಂಡರು. ಬಿಟ್ಟಿ ನೋಡಿದ್ದಕ್ಕೆ ಅಷ್ಟಾದರೂ ಕೊಡಬೇಡವೇ!

ಈ ವಾರ ಆ ಗುಂಡಿಗಳೆಲ್ಲ ಮುಷ್ಟಿಯಂತೆ ಬಿಗಿದುಕೊಂಡಿದ್ದವು. ಹಗಲಿಗೂ ಅರಳುತ್ತಿರಲಿಲ್ಲ. ಮೈಯಿಂದ ಲೋಳೆ ಬಿಡುತ್ತಿದ್ದವು, ನೀರು ನಾರುತ್ತಿತ್ತು. ರಂಜಿತ ಉಪ್ಪು ನೋಡಿದಳು, ಬಿಸಿ ನೋಡಿದಳು, ತನ್ನನ್ನೇ ಬೈದುಕೊಂಡಳು. ಈಗ ಕಳ್ಳ ಕೈಗೆ ಸಿಕ್ಕಿದ್ದ.

"ಇದರೊಳಗೆ ಯಾಕೆ ಹಾಕ್ದೆ ಅಜ್ಜಿ?"

"ನಾಳೆ ಗಂಡಿನೋರು ಬತ್ತಾವ್ರಲ್ಲ, ಸಂಬಂದ ಕೂಡ್ಲಿ ಅಂತ. ಕೊಳ್ಳೇಗಾಲ ದಾಟಿ ಓಗುವಾಗ ಕಾವೇರವ್ವನಿಗೆ ಕಾಸು ಆಕಕಿಲ್ವಾ? ಮನೇಲೆ ಸಮುದ್ರ ಇಟ್ಕಂಡು ಅಲ್ಲಿಗಂಟ ಯಾಕ ಓಗದು? ಈಗ ನೀನು ಎತ್ಬುಟ್ರೆ ಸಂಬಂದ ಮುರುದೋಯ್ತದೆ."

"ಒಂದು ಕಾಸು ತೆಗುದ್ರೆ ಮುರಿಯೋ ಸಂಬಂದ ಮುರೀಲಿ ಬುಡು."

"ಬುಡ್ತು ಅನ್ನು!"

ರಂಜಿತ ಅನ್ನಲಿಲ್ಲ. ಒದ್ದೆ ಕೈಯಲ್ಲೇ ಜಗಲಿಗೆ ಬಂದು ಅಜ್ಜಿಯ ಎದುರು ಕಾಸು ಹಿಡಿದಳು. "ತಾಮ್ರದ ಚೊಂಬಲ್ಲಿ ಮಜ್ಜಿಗೆ ಇಡ್ತೀಯಾ?"

"ಯಾರಾರ ಇಟ್ಟಾರ? ಕಿಲುಬು ಬುಟ್ಕಂಡು ಇಸ ಆಯ್ತದೆ..." ಶಾಂತಮಲ್ಲಮ್ಮನ ಬೆರಳಲ್ಲಿ ಸುಲಿಯುತ್ತಿದ್ದ ಕಾಯಿ ಹಾಗೇ ನಿಂತಿತು. ಮಂಡಿನೋವಿಗೆಂದು ತೊಟ್ಟಿದ್ದ ತಾಮ್ರದ ಬಳೆಯನ್ನು ಸುಮ್ಮನೆ ಒಂದು ಸುತ್ತು ತಿರುಗಿಸಿದಳು. ಆದರೆ ಕಾಸಿಗೆ ಕೈ ಚಾಚಲಿಲ್ಲ. "ಕೊಟ್ಟ ಕಾಣಿಕೆ ನಾನು ಮುಟ್ಟಕಿಲ್ಲ" ಎಂದು ಮುಖ ತಿರುಗಿಸಿದಳು. ರಂಜಿತ ಅದನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು.

ಸಂಜೆ ಹೊಲದಿಂದ ಬಂದ ಅಪ್ಪ ವೃಷಭೇಂದ್ರ ಮೂಗು ಮುಚ್ಚಿಕೊಂಡ. "ನಾಳೆ ಈ ನಾತ ಇರ್ಬಾರ್ದು. ಕೊಟ್ಟಿಗೇಲಿ ಇಡು, ಇಲ್ಲ ತಿಪ್ಪೆಗೆ ಚೆಲ್ಲು."

"ಕೊಟ್ಟಿಗೆ ಚಳಿಗೆ ಸತ್ತೋಯ್ತವೆ."

"ಈಗೇನು ಬದುಕವಾ?"

"ಸತ್ತಿಲ್ಲ ಅಪ್ಪಾಜಿ. ಮುಚ್ಕಂಡವೆ."

ವಿಷ ಕಾಸಿನ ಜೊತೆಗೇ ಎದ್ದು ಹೋಗುವುದಿಲ್ಲ, ನೀರಿನಲ್ಲಿ ಉಳಿದಿರುತ್ತದೆ. ಹಾಗೆಂದು ನೀರನ್ನೆಲ್ಲ ಒಮ್ಮೆಗೇ ಬದಲಿಸಿದರೆ ನಿತ್ರಾಣಗೊಂಡ ಜೀವಗಳು ಆ ಹೊಡೆತಕ್ಕೇ ಸಾಯುತ್ತವೆ. ಸ್ವಲ್ಪ ತೆಗೆದು, ಅಷ್ಟೇ ಉಪ್ಪಿನ, ಅಷ್ಟೇ ಬಿಸಿಯ ಹೊಸ ನೀರು ತುಂಬಿ, ಮತ್ತೆ ಮರುದಿನ ತೆಗೆದು ತುಂಬಬೇಕು. ರಂಜಿತ ಅಂದೇ ಶುರುಮಾಡಿದಳು. ದೀಪ ತಗ್ಗಿಸಿದಳು, ವಿಷ ಹೀರಲೆಂದು ನೀರು ಹರಿಯುವ ಕಡೆ ಇದ್ದಿಲಿನ ಚೀಲ ಇಟ್ಟಳು. ಗಂಡಿನವರು ಬರುವುದು ಮಧ್ಯಾಹ್ನ. ಬೆಳಿಗ್ಗೆಯೇ ಮತ್ತೊಮ್ಮೆ ನೀರು ಬದಲಿಸಿ ಸೀರೆ ಉಡೋಣ ಎಂದು ಲೆಕ್ಕ ಹಾಕಿದಳು.

ಗಂಡಿನವರು ಅವಳ ಲೆಕ್ಕ ಕೇಳಿ ಬರುತ್ತಾರೆಯೇ? ತಿಂಡಿಯ ಹೊತ್ತಿಗೇ ಕಾರು ಬಾಗಿಲಲ್ಲಿ ನಿಂತಿತು. ಆಗ ತೊಟ್ಟಿಯ ನೀರು ಇಳಿದು, ಮೇಲಿನ ಕಲ್ಲಿನ ಹವಳಗಳು ಗಾಳಿಗೆ ತೆರೆದುಕೊಂಡಿದ್ದವು. ಹೊಸ ನೀರು ಬಕೀಟುಗಳಲ್ಲಿ ಕಾದಿತ್ತು. ರಂಜಿತಳ ಚೂಡಿದಾರದ ತೋಳು ಭುಜದವರೆಗೆ ನೆನೆದಿತ್ತು.

"ಒಳಕ್ಕೋಗು, ಸೀರೆ ಉಟ್ಕಂಡು ಬಾ" ಎಂದು ಅಪ್ಪ ಹಲ್ಲು ಕಚ್ಚಿ ಪಿಸುಗುಟ್ಟಿದ.

"ನೀರು ತುಂಬಿಸ್ಬುಟ್ಟು ಬತ್ತೀನಿ. ಈಗ ಬುಟ್ರೆ ಒಣಗೋಯ್ತವೆ."

ಹುಡುಗ ಮಹದೇವಪ್ರಸಾದ್ ಹತ್ತಿರ ಬಂದು ಬಗ್ಗಿ ನೋಡಿದ. "ಹವಳ ಅಂದ್ರೆ ಉಂಗುರಕ್ಕೆ ಹಾಕೋದಾ?" ಎಂದ. ಅವಳು ಉತ್ತರ ಹೇಳುವ ಮೊದಲೇ ಅವನ ತಾಯಿ ಸೆರಗಿನಿಂದ ಮೂಗು ಒತ್ತಿಕೊಂಡು ಹೇಳಿದಳು: "ಸತ್ತುದ್ದ ಯಾರಾರ ಮನೇಲಿ ಇಟ್ಕಂಡಾರ? ಬುಟ್ಬುಟ್ಟು ಬಾರವ್ವ, ಕಾಪಿ ಕೊಡು. ನಮ್ಮನೇಲಿ ಇವೆಲ್ಲ ನಡೆಯಾಕಿಲ್ಲ."

ರಂಜಿತ ಬಕೀಟು ಇಳಿಸಲಿಲ್ಲ. ಸಣ್ಣ ಧಾರೆಯಾಗಿ ನೀರು ಬಿಡುತ್ತಲೇ ತಿರುಗಿ ಹೇಳಿದಳು. "ಸತ್ತಿಲ್ಲ. ಯಾರೋ ಇಸ ಹಾಕುದ್ರು, ಅದುಕ್ಕೆ ಮುಚ್ಕಂಡವೆ. ಇವು ಇರಬಾರದ ಮನೇಲಿ ನಾನೂ ಇರಾಕಿಲ್ಲ."

ವೃಷಭೇಂದ್ರ ತನ್ನ ತಾಯಿಯ ಮುಖ ನೋಡಿದ. ಈ ಸಂಬಂಧ ಹುಡುಕಿದವಳು ಅವಳು, ಹರಕೆ ಕಟ್ಟಿದವಳು ಅವಳು. ಮೊಮ್ಮಗಳ ಕೆನ್ನೆಗೆ ಎರಡು ಬಿಗಿದರೂ ಕೇಳುವವರಿರಲಿಲ್ಲ. ಶಾಂತಮಲ್ಲಮ್ಮ ಮಂಡಿ ಹಿಡಿದು ಎದ್ದು ಒಳಗೆ ಹೋದಳು. ಲೋಟಗಳ ತಟ್ಟೆ ಹಿಡಿದು ತಾನೇ ಬಂದಳು.

"ಅವಳ ಕೈಲಿ ಕೆಲ್ಸ ಅದೆ ಕಣವ್ವಾ" ಎಂದು ಹುಡುಗನ ತಾಯಿಯ ಮುಂದೆ ತಟ್ಟೆ ನೀಡಿದಳು. "ಆರೋಯ್ತದೆ, ಕುಡೀರಿ."

ಕುಡಿದರು. ಕಾರು ಹೋಯಿತು. ಕತ್ತಲಾಗುವ ಮೊದಲೇ ಫೋನು ಬಂತು: ಬೇರೆ ಕಡೆ ನೋಡುತ್ತಾರಂತೆ.

"ಕಾಸು ಎತ್ತಬ್ಯಾಡ ಅಂತ ಅವ್ವ ಬಡ್ಕಂಡ್ಲು. ನೋಡ್ದಾ?" ಎಂದು ವೃಷಭೇಂದ್ರ ಮಗಳ ಮೇಲೆ ಹರಿಹಾಯ್ದ.

"ಸುಮ್ನಿರ್ಲಾ" ಎಂದಳು ಶಾಂತಮಲ್ಲಮ್ಮ. "ಕಾಸಿನ ಮಾತು ನಿಂಗೇನು ಗೊತ್ತು?"

ರಂಜಿತಳಿಗೆ ಅಳು ಬಂತು. ಸಂಬಂಧ ತಪ್ಪಿದ ಬೇಸರಕ್ಕಲ್ಲ. ಅಳುತ್ತಲೇ ಮರುದಿನದ ನೀರಿಗೆ ಉಪ್ಪು ಕಲಸಿದಳು.

ಆಮೇಲೆ ದಿನವೂ ಅದೇ ಕೆಲಸ. ಒಂದು ಕಲ್ಲಿನ ಮೇಲಿನ ಗುಂಡಿಗಳು ಕರಗಿ ಹೋದವು. ಅಪ್ಪ ತೊಟ್ಟಿಯ ಕಡೆ ನೋಡುವುದನ್ನೇ ಬಿಟ್ಟ. ಅಜ್ಜಿ ಮಾತ್ರ ಅವರೆಕಾಯಿಯ ಮೊರವನ್ನು ಜಗಲಿಯಿಂದ ಒಳಗೆ ತಂದು, ಗಾಜಿನ ಮುಂದೆ ಕೂತು ಸುಲಿಯತೊಡಗಿದಳು.

ಒಂದು ಬೆಳಿಗ್ಗೆ ರಂಜಿತ ಬಕೀಟು ತರುವ ಹೊತ್ತಿಗೆ ಅಜ್ಜಿಯ ಮೊರ ಪಕ್ಕದಲ್ಲಿತ್ತು, ಮೂಗು ಗಾಜಿಗೆ ತಾಗಿತ್ತು. ಬಿಗಿದ ಗುಂಡಿಗಳ ನಡುವೆ ಒಂದೇ ಒಂದು, ಕಡಲೆಕಾಳಿನಷ್ಟು, ಹಸಿರಾಗಿ ಅರಳಿಕೊಂಡಿತ್ತು.

"ನೀನು ತೆಗಿ, ನಾನು ಉಯ್ತೀನಿ" ಎಂದಳು ಶಾಂತಮಲ್ಲಮ್ಮ.

ರವಿಕೆಯ ತೋಳು ಮೇಲೇರಿಸಿದಳು. ಮುಂಗೈಯ ಬಳೆ ಊದಿದ ಗೆಣ್ಣಿಗೆ ಸಿಕ್ಕಿಕೊಂಡಿತು. ತಿರುಚಿ ತಿರುಚಿ, ಚರ್ಮ ಕೆಂಪಾಗುವ ತನಕ ಎಳೆದು ಬಿಚ್ಚಿದಳು. ಕಿಟಕಿಯ ಕಟ್ಟೆಯ ಮೇಲೆ, ಕಾಸಿನ ಪಕ್ಕದಲ್ಲಿ ಅದನ್ನಿಟ್ಟು, ಬಕೀಟಿನೊಳಗೆ ಚೊಂಬು ಅದ್ದಿದಳು. ಪ್ಲಾಸ್ಟಿಕ್ಕಿನ ಚೊಂಬು.