ಹಿಂಗೋಡೆಯ ಕಿಂಡಿ

ಸಹನಾ ಮೊದಲು ಗೋಡೆ ನೋಡಿದಳು, ಆಮೇಲೆ ತಾನೇ ಬರೆದ ನಕ್ಷೆ, ಆಮೇಲೆ ಮತ್ತೆ ಗೋಡೆ. ಕಿಂಡಿ ಇರಲಿಲ್ಲ.

ಜ್ವರ ಬಂದು ನಾಲ್ಕು ದಿನ ಜವನಗೊಂಡನಹಳ್ಳಿಯ ಮನೆಯಲ್ಲಿ ಮಲಗಿದ್ದಳು. ಅಷ್ಟರಲ್ಲಿ ಮಾರಿಕಣಿವೆ ಹಿನ್ನೀರಿನ ದಡದ ಈ ಪುಟ್ಟ ಚರ್ಚಿನ ಪಡುಗೋಡೆ ಎದ್ದು, ಮೇಲೆ ಲಿಂಟಲ್ಲೂ ಕೂತಿತ್ತು. ಶಿಲುಬೆ ನಿಲ್ಲುವ ಜಾಗದ ಪಕ್ಕದಲ್ಲಿ ಒಂದು ಗೇಣು ಅಗಲದ, ಆಳೆತ್ತರದ ಕಿಂಡಿಯನ್ನು ಅವಳು ಬರೆದಿದ್ದಳು. ಅಲ್ಲೀಗ ಸೈಜುಗಲ್ಲುಗಳು ಒಂದರ ಮೇಲೊಂದು ಕೂತಿದ್ದವು. ಕೆಲಸ ಮಾತ್ರ ಚೊಕ್ಕವಾಗಿತ್ತು. ಅದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

"ತಿಮ್ಮಪ್ಪಣ್ಣ, ಕಿಂಡಿ ಎಲ್ಲಿ?"

"ಮುಚ್ಚಿದೆ," ಎಂದ ಮೇಸ್ತ್ರಿ ದೊಡ್ಡತಿಮ್ಮಪ್ಪ, ಕರಣೆ ತೊಳೆಯುತ್ತ.

"ಯಾರನ್ನ ಕೇಳಿ?"

"ಇದಕ್ಕೂ ಕೇಳ್ಬೇಕೇನಮ್ಮ? ಹನ್ನೊಂದು ಗುಡಿ ಕಟ್ಟೀನಿ. ಗರ್ಭಗುಡಿ ಬೆನ್ನಾಗೆ ಯಾರಾದ್ರೂ ತೂತು ಬಿಡ್ತಾರಾ? ದೇವ್ರಿಗೆ ಹಿಂದಿಂದ ಗಾಳಿ ಹೊಡೀಬಾರ್ದು. ಸಣ್ಣ ಹುಡುಗಿ, ತಪ್ಪಿ ಬರ್ದೈತೆ ಅಂದ್ಕಂಡೆ. ನಿನ್ ಮರ್ಯಾದೆ ಉಳಿಸ್ದೆ."

"ಇದು ಗುಡಿ ಅಲ್ಲಣ್ಣ, ಚರ್ಚು."

"ಅವ್ನೂ ದೇವ್ರೇ ತಾನೇ? ಶೀತ ಎಲ್ರಿಗೂ ಆಗ್ತೈತೆ. ಕಿಂಡಿನೇ ಬೇಕಂದ್ರೆ ಉಡುಪಿಗೆ ಹೋಗ್ರಿ."

ಗಾರೆ ಕಲಸುತ್ತಿದ್ದವರು ನಕ್ಕರು. ಸಹನಾ ನಗಲಿಲ್ಲ.

ಇಡೀ ಚರ್ಚನ್ನು ಅವಳು ಆ ಕಿಂಡಿಯ ಸುತ್ತಲೇ ಬರೆದಿದ್ದಳು. ಎಂಬತ್ತೊಂಬತ್ತು ವರ್ಷಗಳ ಮೇಲೆ ಡ್ಯಾಮು ಕೋಡಿ ಬಿದ್ದ ವರ್ಷ, ದಡದಲ್ಲಿದ್ದ ಹಳೆಯ ತಗಡಿನ ಚರ್ಚು ಮುಳುಗಿತು. ಜೊತೆಗೆ ಜಾಲಿಮರಗಳೂ ಮುಳುಗಿದವು. ಈಗ ಮೀನುಗಾರರ ತೆಪ್ಪಗಳ ಅಡಿಗೆ ಸಿಗುವುದು ಆ ಮರಗಳ ಕೊರಡುಗಳೇ. ಮೀನು ಹಿಡಿಯುವ ಶಾಂತಕ್ಕನ ಗಂಡನ ತೆಪ್ಪ ಹರಿದದ್ದೂ ಅಂಥದೇ ಒಂದು ಕೊರಡಿಗೆ ಸಿಕ್ಕಿ. ಅಂದಿನಿಂದ ಅವಳೊಬ್ಬಳೇ ಬಲೆ ಬಿಡುತ್ತಿದ್ದಾಳೆ. ಹೊಸ ಚರ್ಚಿಗೆ ಏನೇನು ಬೇಕೆಂದು ಸಭೆ ಸೇರಿದಾಗ ಎಲ್ಲರೂ ಗೋಪುರ, ಗಂಟೆ ಎಂದರು. ಶಾಂತಕ್ಕ ಕೊನೆಗೆ ಎದ್ದು, "ನಂಗೆ ಮನಿಗೆ ಬರೋ ದಾರಿ ಕಾಣ್ಬೇಕು," ಎಂದು ಕೂತಳು.

ಮೂರು ಬೆಳಗು ಅವಳ ತೆಪ್ಪದಲ್ಲಿ ಕೂತು ಸಹನಾ ಕೊರಡಿಲ್ಲದ ಒಂದೇ ಒಂದು ಗೆರೆಯನ್ನು ಹುಡುಕಿ, ಬಾಗಿಲು, ಕಿಂಡಿ ಎರಡನ್ನೂ ಅದರ ನೇರಕ್ಕೇ ಬರೆದಿದ್ದಳು. ಮೂಡಲ ಬಾಗಿಲು ತೆರೆದಿದ್ದರೆ ಬೆಳಗಿನ ಆಕಾಶ ಚರ್ಚಿನೊಳಗಿಂದ ಹಾದು ಕಿಂಡಿಯಲ್ಲಿ ಕಾಣಬೇಕು. ಅದೂ ಆ ಗೆರೆಯ ಮೇಲಿದ್ದವರಿಗೆ ಮಾತ್ರ. ಎರಡು ಮಾರು ಅತ್ತಿತ್ತ ಸರಿದರೆ ಮಾಯ.

"ಹೊರಗೊಂದು ದೀಪ ಹಾಕಿಬಿಡಾಣಮ್ಮ," ಎಂದರು ಮಾತು ಕೇಳಿ ಹತ್ತಿರ ಬಂದ ಪಾದ್ರಿ ಪ್ರಸನ್ನಕುಮಾರ್. ಅವರಿಗೆ ಜಗಳ ಆಗದು.

"ದೀಪ ಎಲ್ಲಾ ಕಡೆಯಿಂದಲೂ ಕಾಣುತ್ತೆ ಫಾದರ್. ದಡ ಎಲ್ಲಿದೆ ಅಂತ ಹೇಳುತ್ತೆ, ದಾರಿ ಯಾವುದು ಅಂತ ಹೇಳಲ್ಲ."

ಅವಳು ಉಳಿ, ಸುತ್ತಿಗೆ ಎತ್ತಿಕೊಂಡಳು. ಹೊಡೆದಳು. ಕಿಡಿ ಹಾರಿತು, ಕಲ್ಲು ಅಲುಗಲಿಲ್ಲ.

"ಹಂಗೆ ಬಡಿದ್ರೆ ಗೋಡೆ ಬಿರೀತೈತೆ!"

"ಹಾಗಾದ್ರೆ ನೀವು ತೆಗೀರಿ. ಭಾರ ಹೊರೋಕೆ ಮೇಲೆ ಲಿಂಟಲ್ ಇದೆ. ನೀವು ತೆಗೀದಿದ್ರೆ ದಿನಕ್ಕೊಂದು ಕಲ್ಲು ನಾನೇ ತೆಗೀತೀನಿ."

ಶಾಂತಕ್ಕ ಬಲೆಯ ಗಂಟು ಹೊತ್ತು ಬಂದವಳು ಗೋಡೆಯನ್ನು ಒಮ್ಮೆ ನೋಡಿದಳು. "ಚೆಂದ ಕಟ್ಟೀಯಣ್ಣ. ನಾಳೆ ಬೆಳಗ್ಗೆ ನನ್ ತೆಪ್ಪಕ್ಕೆ ಬಾ, ನೀರಿಂದ ನೋಡುವಂತೆ."

"ನಂಗೆ ಈಜು ಬರಲ್ಲ ಕಣವ್ವ."

"ನನ್ ಗಂಡಂಗೆ ಬರ್ತಿತ್ತು."

ದೊಡ್ಡತಿಮ್ಮಪ್ಪ ಮರುದಿನ ನಸುಕಿಗೇ ಬಂದ. ಪಂಚೆ ಎತ್ತಿ ಕಟ್ಟಿ, ತೆಪ್ಪದ ನಡುವೆ ಕುಕ್ಕರಗಾಲಲ್ಲಿ ಕೂತ. ಸಹನಾ ಎದುರಿಗೆ ಕೂತಳು. ಬಲೆ ಎಳೆದು ತಿರುಗುವ ಹೊತ್ತಿಗೆ ಮೂಡಲು ಬೆಳ್ಳಗಾಗಿತ್ತು. ದಡ ಮಾತ್ರ ಉದ್ದಕ್ಕೂ ಕಪ್ಪು, ಅದರ ಮೇಲೆ ಚರ್ಚು ಇನ್ನೊಂದು ಕಪ್ಪು.

ಶಾಂತಕ್ಕ ಹುಟ್ಟು ನಿಲ್ಲಿಸಿದಳು. "ಎತ್ತಾಗೆ ಹೋಗಾಣ? ನೀನೇ ಹೇಳಣ್ಣ."

"ಅಲ್ಲೇ ಕಾಣ್ತೈತಲ್ಲ ಚರ್ಚು. ನೇರ ನಡಿ."

ಅವಳು ನೇರ ನಡೆಸಿದಳು. ಇಪ್ಪತ್ತು ಹುಟ್ಟು ಹಾಕಿರಬೇಕು, ಕಾಲಡಿಯಲ್ಲಿ ಏನೋ ಕರಕರ ಕೆರೆಯಿತು. ತೆಪ್ಪ ಒಂದು ಕಡೆಗೆ ವಾಲಿತು. ದೊಡ್ಡತಿಮ್ಮಪ್ಪ ಎರಡೂ ಕೈಯಲ್ಲಿ ಅಂಚು ಹಿಡಿದು, ಕುಲದೇವರ ಹೆಸರು ಅರ್ಧ ಹೇಳಿ ಉಸಿರು ಬಿಗಿಹಿಡಿದ. ಶಾಂತಕ್ಕ ಹುಟ್ಟಿನಿಂದ ಕೊರಡನ್ನು ಮೆಲ್ಲಗೆ ಒತ್ತಿ ತೆಪ್ಪವನ್ನು ಹಿಂದಕ್ಕೆ ಬಿಡಿಸಿಕೊಂಡಳು.

"ಇದೂ ನೇರನೇ ಅಣ್ಣ," ಎಂದಳು.

ದಡಕ್ಕೆ ಇಳಿದವನು ಟೀ ಮುಟ್ಟಲಿಲ್ಲ. ಒದ್ದೆ ಪಂಚೆಯಲ್ಲೇ ಅಟ್ಟಣೆ ಏರಿ, ಲಿಂಟಲ್ಲಿನ ಕೆಳಗಿನ ಗಾರೆಯನ್ನು ಉಳಿಯಿಂದ ಕೆರೆಯತೊಡಗಿದ. ಒಬ್ಬ ಆಳು ಕೈ ಹಚ್ಚಲು ಬಂದಾಗ, "ಮುಚ್ಚಿದ್ದು ನಾನು, ಸರೀಲೇ," ಎಂದ. ಕಲ್ಲುಗಳನ್ನು ಇಳಿಸಿಕೊಳ್ಳಲು ಸಹನಾಳನ್ನು ಮಾತ್ರ ಬಿಟ್ಟ. ಬಾಗಿಲಿಂದ ಕಿಂಡಿಗೆ ದಾರ ಎಳೆದು, ನೀರಿನತ್ತ ಕಣ್ಣು ಕಿರಿದು ಮಾಡಿ, ನಕ್ಷೆಯಲ್ಲಿ ಅರ್ಧ ಬೆರಳು ತಪ್ಪಿದೆ ಎಂದ. ಅಳೆದಳು. ತಪ್ಪಿತ್ತು. ತಿದ್ದಿಕೊಂಡಳು.

ಕೊನೆಗೆ ಕಿಂಡಿಯ ಬುಡಕ್ಕೆ ಓರೆಯಾಗಿ ಕಡಿದ ತನ್ನದೊಂದು ಕಲ್ಲು ಕೂರಿಸಿದ. ನಕ್ಷೆಯಲ್ಲಿ ಅದಿರಲಿಲ್ಲ.

"ಇದ್ಯಾಕೆ?"

"ಗಾಳಿ ಮೇಲಕ್ಕೆ ಹೋಗ್ಲಿ. ನೀವು ಬಿಟ್ರೂ ನಾನು ಬಿಡಕಾಗಲ್ಲ."

ಸಹನಾ ಅದನ್ನು ಬಿಟ್ಟಳು.

ಹೆಂಚು ಏರಿದ ಮರುದಿನ ಬೆಳಗ್ಗೆ ಅವಳು ಮೂಡಲ ಬಾಗಿಲನ್ನು ಪೂರ್ತಿ ತೆರೆದು ಹೊರಗೆ ಬದಿಗೆ ನಿಂತಳು. ದೊಡ್ಡತಿಮ್ಮಪ್ಪ ಒಳಗೆ, ಕಿಂಡಿಗೆ ಮುಖ ಒತ್ತಿಕೊಂಡು ನೀರು ನೋಡುತ್ತಿದ್ದ. ದೂರದಲ್ಲಿ ಒಂದೇ ಒಂದು ತೆಪ್ಪ, ಶಾಂತಕ್ಕನದು. ಅದು ಎಡಕ್ಕೆ ಸರಿಯಿತು, ಬಲಕ್ಕೆ ಸರಿಯಿತು, ನಿಂತಿತು.

"ಕಾಣಲ್ಲ!" ನೀರಿನ ಮೇಲಿಂದ ಕೂಗು ಬಂತು.

ಸಹನಾ ಬಾಗಿಲನ್ನು ಮತ್ತೊಮ್ಮೆ ಗೋಡೆಗೆ ಒತ್ತಿ ನೋಡಿದಳು; ಪೂರ್ತಿ ತೆರೆದೇ ಇತ್ತು.

"ಯಾರಪ್ಪಾ ಅಲ್ಲಿ ಅಡ್ಡ ನಿಂತಿರೋದು? ದೇವ್ರೋ, ಮೇಸ್ತ್ರಿಯೋ? ಸರೀರಿ ಅತ್ತ!"

ದೊಡ್ಡತಿಮ್ಮಪ್ಪ ಬೆಚ್ಚಿ ಪಕ್ಕಕ್ಕೆ ಸರಿದು, ಗೋಡೆಗೆ ಬೆನ್ನು ಅಂಟಿಸಿ ನಿಂತ. ಕಿಂಡಿಯಲ್ಲಿ ಹುಟ್ಟೊಂದು ಎದ್ದು ಬಿದ್ದದ್ದು ಬಾಗಿಲ ಬದಿಯಿಂದ ಇಣುಕಿದ ಸಹನಾಗೆ ಕಂಡಿತು. ತೆಪ್ಪ ನೇರ ಬರುತ್ತಿತ್ತು.