ಮೇಲಿನ ಮನೆಯ ರೊಟ್ಟಿ

ಶಹಾಪುರದ ಗುಡ್ಡದ ಬುಡದಲ್ಲಿ, ತಗಡಿನ ಗುಡಿಸಲಲ್ಲಿ ಅರ್ಧ ಆಯುಷ್ಯ ಕಳೆದ ಗೊಲ್ಲಾಳಮ್ಮನಿಗೆ ಬಡವರ ವಸತಿ ಯೋಜನೆಯಲ್ಲಿ ಮನೆ ಬಂದಾಗ ಅವಳು ಮಾಡಿದ ಮೊದಲ ಕೆಲಸವೆಂದರೆ ನಲ್ಲಿ ತಿರುಗಿಸಿದ್ದು. ನೀರು ಬಂತು. ನಿಲ್ಲಿಸಿದಳು, ಮತ್ತೆ ತಿರುಗಿಸಿದಳು. ಮನೆಯೊಳಗೇ ನೀರು! ಬಾಗಿಲಿಗೆ ಒಳಗಿನಿಂದ ಚಿಲಕ, ಗಾಳಿಗೆ ಹಾರಿಹೋಗದ ಮಾಳಿಗೆ. ಗಂಡ ತೀರಿಕೊಂಡ ಮೇಲೆ ಅವಳು ಇಷ್ಟು ನಿರಾಳವಾಗಿ ಉಸಿರು ಬಿಟ್ಟದ್ದೇ ಇಲ್ಲ. ಚೀಟಿ ಎತ್ತಿದಾಗ ಮೇಲಿನ ಮಹಡಿ ಬಂದದ್ದಕ್ಕೂ ಬೇಸರವಾಗಲಿಲ್ಲ. ಮೇಲಿದ್ದರೇನು, ಕೆಳಗಿದ್ದರೇನು, ರೊಟ್ಟಿಗೆ ಮಹಡಿಯ ಹಂಗಿಲ್ಲ ಎಂದುಕೊಂಡಳು.

ಆದರೆ ಹಂಗು ಇತ್ತು. ಗೊಲ್ಲಾಳಮ್ಮನ ಅನ್ನ ಹುಟ್ಟುತ್ತಿದ್ದುದೇ ಜೋಳದ ರೊಟ್ಟಿಯಿಂದ. ಬಸ್ ನಿಲ್ದಾಣದ ಹತ್ತಿರದ ಚನ್ನಯ್ಯನ ಖಾನಾವಳಿಗೆ ದಿನಾ ರೊಟ್ಟಿ ಅವಳದೇ. ನಸುಕಿನಲ್ಲಿ ಹಲಗೆಯ ಮುಂದೆ ಕೂತರೆ ಬಿಸಿಲೇರುವ ತನಕ ಬಡಿಯುತ್ತಿದ್ದಳು. ಜೋಳದ ರೊಟ್ಟಿ ಮೆತ್ತಗೆ ಸವರಿದರೆ ಅಗಲವಾಗುವುದಿಲ್ಲ, ಅಂಗೈ ಬೀಳಲೇಬೇಕು. ಗುಡ್ಡದ ಬುಡದಲ್ಲಿ ಆ ಪೆಟ್ಟನ್ನೆಲ್ಲ ಮಣ್ಣು ನುಂಗುತ್ತಿತ್ತು. ಇಲ್ಲಿ ಅವಳ ನೆಲವೇ ಇನ್ನೊಬ್ಬರ ಮಾಳಿಗೆ.

ಆ ಇನ್ನೊಬ್ಬರು ಮನ್ಸೂರಅಲಿ. ಹತ್ತಿ ಮಿಲ್ಲಿನಲ್ಲಿ ರಾತ್ರಿ ಕಾವಲು. ಬೆಳಕು ಹರಿಯುವಾಗ ಮನೆಗೆ ಬಂದು ದಿಂಬಿಗೆ ತಲೆ ಕೊಡುತ್ತಿದ್ದಂತೆ ಮೇಲೆ ಟಪ ಟಪ ಟಪ.

ಅವನ ಹೆಂಡತಿ ಶರೀಫಾಬೀಗೆ ಮೊಣಕಾಲು ನೋವು. ಅದಕ್ಕೇ ಅವರಿಗೆ ಕೆಳಗಿನ ಮನೆ ಕೊಟ್ಟದ್ದು. ಅಂಥವಳು ಒಂದು ದಿನ ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದಳು.

"ಗೊಲ್ಲಾಳಮ್ಮಾ, ನಮ್ಮವ್ರು ರಾತ್ರೆಲ್ಲಾ ಎಚ್ಚರಿದ್ದು ಬರ್ತಾರ. ನೀ ಶುರು ಮಾಡಿದ್ರ ಅವ್ರ ತಲಿ ಮ್ಯಾಲೇ ಬಡದಂಗ ಆಗ್ತದ. ಒಂದೀಟು ಸಾವಕಾಶ ಬಡಿಯವ್ವ."

"ಬಡೀಲಾರದ ಊದಿ ಮಾಡ್ಲೇನು ರೊಟ್ಟಿ?" ಎಂದಳು ಗೊಲ್ಲಾಳಮ್ಮ. ಅವಳ ನಾಲಿಗೆ ಯಾವಾಗಲೂ ಅವಳಿಗಿಂತ ಒಂದು ಹೆಜ್ಜೆ ಮುಂದೆ.

ಶರೀಫಾಬೀ ಗೋಡೆ ಹಿಡಿದುಕೊಂಡೇ ಇಳಿದುಹೋದಳು. ಆ ಕಾಲೆಳೆತದ ಸದ್ದು ಕೇಳಿ ಗೊಲ್ಲಾಳಮ್ಮನಿಗೆ ಕೆಟ್ಟೆನಿಸಿತು. ಆದರೆ ಕರೆದು ಹೇಳುವ ಬುದ್ಧಿ ಬರಲಿಲ್ಲ.

ಆ ವಾರವೇ ಮನ್ಸೂರಅಲಿ ಮಿಲ್ಲಿನ ಗೇಟಿನಲ್ಲಿ ತೂಕಡಿಸಿ ಮಾಲೀಕನ ಕಣ್ಣಿಗೆ ಬಿದ್ದ. ಇನ್ನೊಮ್ಮೆ ಹೀಗಾದರೆ ಬೇರೆಯವರನ್ನು ಇಟ್ಟುಕೊಳ್ಳುತ್ತೇನೆ ಎಂದು ಮಾಲೀಕ ಹೇಳಿ ಕಳಿಸಿದ. ಮನ್ಸೂರಅಲಿ ಮೆಟ್ಟಿಲ ಕೆಳಗೆ ನಿಂತು, "ತಂಗೀ, ನಂದೂ ಹೊಟ್ಟಿಪಾಡು ಅದವ್ವ" ಎಂದಷ್ಟೇ ಹೇಳಿದ. ಕೂಗಾಡಿದ್ದರೆ ಅವಳೂ ಕೂಗಾಡಿ ಹಗುರಾಗುತ್ತಿದ್ದಳು. ಅವನು ಕೂಗಾಡಲಿಲ್ಲ.

ಮರುದಿನ ಅವಳು ಹಲಗೆಯ ಕೆಳಗೆ ಕೌದಿ ಮಡಚಿ ಇಟ್ಟಳು. ಹಲಗೆ ಕುಣಿದು ರೊಟ್ಟಿಯ ಅಂಚು ಸೀಳಿತು. ಲಟ್ಟಣಿಗೆಯಿಂದ ಲಟ್ಟಿಸಿದಳು. ಖಾನಾವಳಿಯ ಚನ್ನಯ್ಯ ಅದನ್ನು ಬೆಳಕಿಗೆ ಹಿಡಿದು ನೋಡಿ, "ಇದು ರೊಟ್ಟಿ ಅಲ್ಲ, ಚಪಾತಿ ತಂಗಿ. ನನ್ನ ಗಿರಾಕಿ ಸಗರ ಸೀಮಿ ರೈತ್ರು. ಜ್ವರಾ ಬಂದವ್ರಿಗೆ ಮಾಡೀಯೇನು ಅಂತಾರ. ಸೋಮವಾರತನಾ ನೋಡ್ತೀನಿ, ಇಲ್ಲಾಂದ್ರ ಬ್ಯಾರೆ ಕಡಿ ಹೇಳ್ತೀನಿ" ಎಂದ.

ಯೋಜನೆಯ ಕಚೇರಿಯಿಂದ ನಿವಾಸಿಗಳ ಕಷ್ಟಸುಖ ಕೇಳಲು ಬರುವ ಪರಿಮಳಾ ಮೇಡಂ ಕೂಡ ಕೈಚೆಲ್ಲಿದಳು. "ಮನಿ ಅದಲಿ ಬದಲಿ ಮಾಡಾಕ ಬರಂಗಿಲ್ಲವ್ವ. ಆ ಸಮುದಾಯ ಭವನ ತಗದಿತ್ತಂದ್ರ ಚಲೋ ಇತ್ತು, ಅಲ್ಲೇ ಬಡೀಬಹುದಿತ್ತು. ಆದ್ರ ಉದ್ಘಾಟನಿ ಆಗೋತನಾ ಕೀಲಿ ತಗ್ಯಾಂಗಿಲ್ಲ. ಮಂತ್ರಿಗಳಂಥ ದೊಡ್ಡವ್ರ ತಾರೀಖು ಸಿಗವಲ್ದು."

ಭವನ ಅಂಗಳದ ಮೂಲೆಯಲ್ಲಿ ಒಂಟಿಯಾಗಿ ನಿಂತಿತ್ತು. ದೊಡ್ಡವರ ದಾರಿ ಕಾಯುತ್ತ ಅದರ ಹೊಸ ಬಣ್ಣ ಹಳೆಯದಾಗಿತ್ತು. ಕಾವಲಿನವನ ಕೈಯಲ್ಲಿರಲಿ ಎಂದು ಕೀಲಿಯನ್ನು ಮನ್ಸೂರಅಲಿಗೇ ಕೊಟ್ಟಿದ್ದರು.

ಸೋಮವಾರ ನಸುಕಿನಲ್ಲಿ ಗೊಲ್ಲಾಳಮ್ಮ ಸಣ್ಣ ಒಲೆ, ಹಂಚು, ಹಲಗೆ, ಹಿಟ್ಟಿನ ಡಬ್ಬಿ ಗಂಟು ಕಟ್ಟಿದಳು. ಗುಡ್ಡದ ಬುಡಕ್ಕೇ ವಾಪಸ್ ಹೋಗುವುದು; ಗುಡಿಸಲು ಬಿದ್ದಿದ್ದರೂ ಅಲ್ಲಿ ಮಣ್ಣಿನ ನೆಲವಿತ್ತು. ಹೊರಡುವ ಮುಂಚೆ ಒಮ್ಮೆ ನಲ್ಲಿ ತಿರುಗಿಸಿದಳು. ನೀರು ಬರುವುದನ್ನು ನೋಡುತ್ತ ನಿಂತವಳಿಗೆ ಅಳು ತಡೆಯಲಾಗಲಿಲ್ಲ.

ಮೆಟ್ಟಿಲಿಳಿದಾಗ ಆಗಷ್ಟೇ ಡ್ಯೂಟಿಯಿಂದ ಬಂದಿದ್ದ ಮನ್ಸೂರಅಲಿ ಎದುರಾದ. ಗಂಟು ನೋಡಿದ, ಅವಳ ಮುಖ ನೋಡಿದ. ಒಳಗೆ ಹೋಗಿ ಭವನದ ಕೀಲಿ ತಂದ. ಮೀಸೆ ಚಿಗುರಿದಾಗಿನಿಂದ ಮಂದಿಯ ಬಾಗಿಲು ಕಾದವನು, ಅವರು ಹೇಳದೆ ಒಂದನ್ನೂ ತೆಗೆದವನಲ್ಲ. ಅವತ್ತು ತೆಗೆದ.

"ಕೆಳಗ ಯಾರೂ ಇಲ್ಲ. ಎಷ್ಟು ಬೇಕಷ್ಟು ಬಡಿ."

ಗೊಲ್ಲಾಳಮ್ಮ ಒಳಗೆ ಕಾಲಿಡಲಿಲ್ಲ. "ಕಾಯಿ ಒಡೀಲಾರದ ಹೊಸಾ ಮನ್ಯಾಗ ಒಲಿ ಹ್ಯಾಂಗ ಹಚ್ಲಿ ಅಣ್ಣಾ?"

ಶರೀಫಾಬೀ ಕಾಲೆಳೆಯುತ್ತಲೇ ತನ್ನ ಅಡುಗೆಮನೆಯಿಂದ ತೆಂಗಿನಕಾಯಿ ತಂದುಕೊಟ್ಟಳು. ಗೊಲ್ಲಾಳಮ್ಮ ಅದನ್ನು ಹೊಸ್ತಿಲಿಗೆ ಒಡೆದು, ನೀರು ಚಿಮುಕಿಸಿ, ಕೈಮುಗಿದು ಒಲೆ ಹಚ್ಚಿದಳು. ಸರ್ಕಾರಿ ಕಟ್ಟಡಕ್ಕೆ ಮಂತ್ರಿಗಿಂತ ಮೊದಲು ಪೂಜೆ ಮಾಡಿದೆನೆಂಬುದು ಅವಳ ತಲೆಗೆ ಹೊಳೆಯಲೇ ಇಲ್ಲ. ಎಷ್ಟೋ ದಿನಗಳ ಮೇಲೆ ಅಂಗೈ ತುಂಬಿ ಬಡಿದಳು. ಖಾಲಿ ಭವನ ಆ ಸದ್ದನ್ನು ಇಮ್ಮಡಿ ಮಾಡಿತು. ಮಹಡಿಗಳಿಂದ ಜನ ಇಳಿದು ಬಂದರು. ಯಾರೋ ಪುಣ್ಯಾತ್ಮರು ಕಚೇರಿಗೆ ಫೋನೂ ಮಾಡಿದರು.

ಪರಿಮಳಾ ಸ್ಕೂಟಿಯಲ್ಲಿ ಧಾವಿಸಿ ಬಂದಳು. "ಯಾರು ತಗದ್ರಿ ಬಾಗ್ಲಾ? ಕಚೇರಿ ಸಾಹೇಬ್ರು ಕೇಳಾಕತ್ತಾರ. ತಗದವ್ರ ಮನಿ ವಾಪಸ್ ತಗೋತೀನಿ ಅಂತಾರ."

ಗೊಲ್ಲಾಳಮ್ಮನಿಗೆ ಮನೆಯೊಳಗಿನ ನಲ್ಲಿ ನೆನಪಾಯಿತು. ಆದರೆ ಮನ್ಸೂರಅಲಿಗೆ ಮನೆ ಹೋದರೆ ಆ ಮೊಣಕಾಲಿನ ಹೆಂಗಸು ಎಲ್ಲಿಗೆ ಹೋದಾಳು?

"ನಾ ತಗದೀನ್ರಿ" ಎಂದಳು.

"ಸುಳ್ಳ್ರಿ ಮೇಡಂ. ಕೀಲಿ ನನ್ ಕಡಿ ಇತ್ತು, ತಗದಾಂವ ನಾನು" ಎಂದ ಮನ್ಸೂರಅಲಿ. ನಿದ್ದೆಗೆಟ್ಟ ಕಣ್ಣು ಕೆಂಡದಂತಿದ್ದವು.

ಪರಿಮಳಾಳ ಕೈಯಲ್ಲಿದ್ದ ಫೋನು ಬಡಿದುಕೊಂಡಿತು. ಅವಳು ಇಬ್ಬರನ್ನೂ ನೋಡಿದಳು, ಹೊಸ್ತಿಲ ಮೇಲಿನ ಕಾಯಿಯ ಹೋಳು ನೋಡಿದಳು.

"ಸರ, ಕೀಲಿ ಯಾರೂ ಮುರದಿಲ್ರಿ. ಭವನ ಉದ್ಘಾಟನಿ ಆಗೇದ. ಹೌದ್ರಿ, ಕಾಯಿ ಒಡದಾರ, ಒಲಿನೂ ಹಚ್ಯಾರ. ಮುಖ್ಯ ಅತಿಥಿ ಯಾರಾ?" ಅವಳು ಸುತ್ತ ನೆರೆದ ಜನರನ್ನು ನೋಡಿದಳು. "ಇಲ್ಲೇ ಇರಾವ್ರು ಸರ. ದೊಡ್ಡವ್ರು ಬಂದ ದಿನ ಮತ್ತೊಂದು ಕಾಯಿ ಒಡದ್ರಾತ್ರಿ."

ಆ ಕಡೆ ಸಾಹೇಬರು ಏನೆಂದರೋ, ಅವಳು ಫೋನು ಚೀಲಕ್ಕೆ ಹಾಕಿ, "ಬಡಿಯವ್ವ" ಎಂದಳು.

ಗೊಲ್ಲಾಳಮ್ಮ ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡಳು. "ಅಣ್ಣಾ, ನೀವು ಮೊದ್ಲ ಹೋಗಿ ಮಲಕೋರಿ" ಎಂದು ಮನ್ಸೂರಅಲಿಯನ್ನು ಗದರಿಸಿದಳು. ಅವನು ಅಂಗಳ ದಾಟಿ ಮನೆ ಸೇರಿ ಬಾಗಿಲು ಮುಚ್ಚಿಕೊಳ್ಳುವವರೆಗೆ ಹಿಟ್ಟಿನ ಉಂಡೆಯ ಮೇಲೆ ಕೈ ಎತ್ತಿ ಹಿಡಿದೇ ಕೂತಿದ್ದಳು. ಆಮೇಲೆ ಬಡಿದಳು.