ಮೂರನೇ ಮಹಡಿಯ ಗಾಳಿ

ಪೇಟೆಯಲ್ಲಿ ಅವನಿಗೆ ‘ಅರ್ಧಣ್ಣ’ ಎಂದೇ ಹೆಸರು. ಮನೆ ಬ್ರೋಕರುಗಳು ಊರು ತುಂಬ ಇದ್ದರು. ಅವರ ನಡುವೆ ಬದುಕಬೇಕೆಂದರೆ ಏನಾದರೂ ಹೊಸದು ಬೇಕಲ್ಲ, ಇವನು ತನ್ನ ಪುಟ್ಟ ಆಫೀಸಿನ ಮೇಲೆ ದೊಡ್ಡ ಬೋರ್ಡು ಹಾಕಿಸಿದ್ದ: ‘ನಮ್ಮಲ್ಲಿ ಮನೆ ಕೊಳ್ಳಿ, ನಮ್ಮ ಕಮಿಷನ್ನಿನಲ್ಲಿ ಅರ್ಧ ನಿಮಗೇ ವಾಪಸ್!’ ಕಮಿಷನ್ ಕೊಡುವವರು ಮನೆ ಮಾರುವವರು, ಅದರ ಅರ್ಧ ಹೋಗುವುದು ಕೊಳ್ಳುವವರ ಜೇಬಿಗೆ. ಮಾರುವವರಿಗೆ ಇದನ್ನು ಯಾರೂ ಬಿಡಿಸಿ ಹೇಳುತ್ತಿರಲಿಲ್ಲ, ಅವರು ಕೇಳುತ್ತಲೂ ಇರಲಿಲ್ಲ. ಮನೆ ಮಾರುವ ಹೊತ್ತಿಗೆ ಮನುಷ್ಯನಿಗೆ ಬೇರೆ ತಲೆನೋವೇ ಬೇಕಾದಷ್ಟಿರುತ್ತದೆ. ಅವನ ಅಕ್ಕನಂತೂ ಆಫೀಸಿನ ಬೀದಿಗೆ ಕಾಲಿಟ್ಟವಳೂ ಅಲ್ಲ, ಆ ಬೋರ್ಡು ನೋಡಿದವಳೂ ಅಲ್ಲ. ತಮ್ಮ ಕುಳ್ಳಗಿದ್ದಾನೆ, ಅದಕ್ಕೇ ಜನ ‘ಅರ್ಧಣ್ಣ’ ಎಂದು ಆಡಿಕೊಳ್ಳುತ್ತಾರೆ ಎಂದುಕೊಂಡು ಒಂದೆರಡು ಬಾರಿ ಜಗಳಕ್ಕೂ ನಿಂತಿದ್ದಳು.

ಭಾವನ ಶ್ವಾಸಕೋಶ ಕೆಟ್ಟು ವರ್ಷವಾಗುತ್ತ ಬಂದಿತ್ತು. ಮಂಚದ ಪಕ್ಕ ಆಕ್ಸಿಜನ್ ಸಿಲಿಂಡರು, ಮೂಗಿಗೆ ಕೊಳವೆ. ಬಚ್ಚಲಿಗೆ ಹೋಗಿಬಂದರೆ ಬಹಳ ಹೊತ್ತು ಮಾತಾಡಲಾಗುತ್ತಿರಲಿಲ್ಲ. ಕೂಡಿಟ್ಟದ್ದು ಕರಗಿತು, ಅಕ್ಕನ ಕಿವಿ ಕೊರಳು ಬರಿದಾದವು, ಉಳಿದದ್ದು ಮನೆ.

“ನೀನೇ ಮಾರಿಸ್ಕೊಡು,” ಎಂದಳು ಅಕ್ಕ. “ಮನೇಲೇ ಬ್ರೋಕರ್ ಇರೋವಾಗ ಹೊರಗಿನೋರು ಯಾಕೆ?”

“ನಿನ್ ಹತ್ರ ಕಮಿಷನ್ ಗಿಮಿಷನ್ ಏನೂ ಬೇಡಕ್ಕ.”

“ಸುಮ್ನಿರೋ. ಕೆಲಸ ಮಾಡಿಸ್ಕೊಂಡು ಬರಿಗೈಲಿ ಕಳಿಸೋ ಜನ ಅಲ್ಲ ನಾವು. ಎಲ್ಲರೂ ಎಷ್ಟು ಕೊಡ್ತಾರೋ ಅಷ್ಟೇ ತಗೋ. ನಿಂಗೂ ಹೆಂಡ್ತಿ ಮಕ್ಕಳಿದಾರೆ.”

ಅವನು ಎರಡನೇ ಸಲ ಬೇಡ ಎನ್ನಲಿಲ್ಲ. ಎಂದಿದ್ದರೂ ಅವಳು ಕೇಳುತ್ತಿದ್ದಳೋ ಇಲ್ಲವೋ, ಆದರೆ ಎನ್ನಬೇಕಿತ್ತು. ಅಮ್ಮ ತೀರಿಕೊಂಡ ಮೇಲೆ ಇದೇ ಮನೆಯಲ್ಲಿ ಅವನ ಮೂಗು ಒರೆಸಿ, ಶಾಲೆಗೆ ಕಳಿಸಿ, ದೊಡ್ಡವನನ್ನಾಗಿ ಮಾಡಿದವಳು ಅವಳು. ಭಾವನೂ ಅಷ್ಟೇ, ಹೆಂಡತಿಯ ತಮ್ಮ ಮನೆಯಲ್ಲೇ ಇದ್ದಾನೆಂದು ಒಂದು ದಿನವೂ ಮುಖ ಗಂಟು ಹಾಕಿದವನಲ್ಲ.

ಬೋರ್ಡು ನೋಡಿಯೇ ಒಂದು ಜೋಡಿ ಬಂತು. ಗಂಡನಿಗೆ ದಪ್ಪ ಕನ್ನಡಕ, ಹೆಂಡತಿ ಬಸುರಿ. ಮನೆಗೆ ಎಷ್ಟು ಕೋಣೆ ಎಂದು ಕೇಳುವ ಮೊದಲೇ ಗಂಡ, “ಅರ್ಧ ವಾಪಸ್ ಅಂತ ಹಾಕಿದೀರಲ್ಲ, ನಿಜಾನಾ?” ಎಂದ. ನಿಜ ಎಂದ ಮೇಲೆಯೇ ಕುರ್ಚಿ ಎಳೆದುಕೊಂಡು ಕೂತ. ಮನೆ ಇಬ್ಬರಿಗೂ ಹಿಡಿಸಿತು, ಮಾತು ಮುಗಿಯಿತು.

ಇನ್ನು ಅಕ್ಕ ಭಾವನಿಗೆ ಬಾಡಿಗೆ ಮನೆ ಹುಡುಕಬೇಕಿತ್ತು. ಎರಡು ಸಿಕ್ಕವು. ಒಂದು ನೆಲಮಹಡಿ, ಆಸ್ಪತ್ರೆಯ ಹಿಂದಿನ ಬೀದಿ, ಆದರೆ ಅಡ್ವಾನ್ಸ್ ಜಾಸ್ತಿ. ಇನ್ನೊಂದು ಮೂರನೇ ಮಹಡಿ, ಲಿಫ್ಟ್ ಇಲ್ಲ, ಅಡ್ವಾನ್ಸ್ ಕಡಿಮೆ. ನೆಲಮಹಡಿಯ ಮನೆಯಲ್ಲಿ ಅಕ್ಕ ಬಹಳ ಹೊತ್ತು ನಿಂತಳು. ಭಾವನ ಗಾಲಿಕುರ್ಚಿ ತೂರುತ್ತದೋ ಇಲ್ಲವೋ ಎಂದು ಬಚ್ಚಲ ಬಾಗಿಲಿಗೆ ಎರಡೂ ತೋಳು ಚಾಚಿ ಅಳತೆ ನೋಡಿದಳು. ತೂರುತ್ತಿತ್ತು. ಆಮೇಲೆ ಮೂರನೇ ಮಹಡಿಗೆ ಹತ್ತಿ, ಸೊಂಟ ಹಿಡಿದುಕೊಂಡು ಏದುಸಿರು ಬಿಡುತ್ತಲೇ, “ಇದೇ ಇರಲಿ ಕಣೋ. ಇಲ್ಲಿ ಗಾಳಿ ಚೆನ್ನಾಗಿದೆ,” ಎಂದಳು.

ಸಾಲ ತೀರಿಸಿ, ಆಸ್ಪತ್ರೆಗೆ ಎತ್ತಿಟ್ಟ ಮೇಲೆ ಅವಳ ಕೈಯಲ್ಲಿ ಏನು ಉಳಿಯುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ನೆಲಮಹಡಿಗೆ ಕಡಿಮೆ ಬಿದ್ದದ್ದು ಅವನ ಕಮಿಷನ್ನಿನ ಅರ್ಧದಷ್ಟೂ ಇರಲಿಲ್ಲ. ಬಾಯಿ ತೆರೆದ. ಆದರೆ ಒಂದು ಅರ್ಧ ಆ ಜೋಡಿಗೆ ಕೊಟ್ಟ ಮಾತು, ತಪ್ಪಿದರೆ ನಾಳೆ ಬೋರ್ಡಿಗೆ ಮರ್ಯಾದೆ ಇಲ್ಲ. ಇನ್ನೊಂದು ಅರ್ಧಕ್ಕೆ ಆಫೀಸಿನ ಮಾಲೀಕ ದಿನಾ ಬಾಗಿಲಲ್ಲಿ ನಿಲ್ಲುತ್ತಿದ್ದ. ಹೇಗೂ ಅವಳೇ ಆರಿಸಿಕೊಂಡದ್ದಲ್ಲವೇ ಎಂದು ತನಗೆ ತಾನೇ ಹೇಳಿಕೊಂಡು ಬಾಯಿ ಮುಚ್ಚಿದ. ಗಾಳಿ ನಿಜವಾಗಿ ಬರುತ್ತದೋ ಎಂದು ಕಿಟಕಿ ತೆರೆದು ನೋಡುವಷ್ಟು ಧೈರ್ಯವೂ ಅವನಿಗಾಗಲಿಲ್ಲ.

ಮನೆ ಬಿಡುವ ದಿನ ಸಾಮಾನೆಲ್ಲ ಲಾರಿಗೆ ಹೋಗಿ, ಖಾಲಿ ಹಾಲಿನ ನಡುವೆ ಭಾವನೊಬ್ಬ ಕುರ್ಚಿಯಲ್ಲಿ ಉಳಿದಿದ್ದ. ಬೀಗದ ಕೈಗಾಗಿ ಆ ಜೋಡಿ ಬಂತು. ಹೆಂಡತಿಗೆ ಸಂತೋಷ ತಡೆಯಲಾಗುತ್ತಿರಲಿಲ್ಲ, ಪಾಪ. ಅಕ್ಕನ ಕೈ ಹಿಡಿದುಕೊಂಡು, “ನಿಮ್ಮ ತಮ್ಮನಂಥೋರು ಸಿಗಲ್ಲ ಬಿಡಿ. ಕಮಿಷನ್ನಲ್ಲಿ ಅರ್ಧ ನಮಗೇ ಕೊಟ್ಟುಬಿಟ್ರು! ಮಗು ರೂಮಿಗೆ ಬಣ್ಣ, ತೊಟ್ಟಿಲು, ಎಲ್ಲಾ ಆ ದುಡ್ಡಲ್ಲೇ ಆಗೋಯ್ತು,” ಎಂದಳು.

“ಯಾವ ಕಮಿಷನ್ನಮ್ಮ?”

“ನೀವು ಕೊಟ್ಟಿದ್ದೇ ಇರ್ಬೇಕು...” ಕನ್ನಡಕದ ಗಂಡ ಅವಳ ಮೊಣಕೈ ಜಗ್ಗಿದ.

ಅಕ್ಕ ತಮ್ಮನ ಮುಖ ನೋಡಿದಳು. ಅವನು ನೆಲ ನೋಡಿದ. ಅವಳಿಗೆ ಅಷ್ಟು ಸಾಕಾಯಿತು. ಬೀಗದ ಕೈಯನ್ನು ಬಸುರಿಯ ಅಂಗೈಯಲ್ಲಿಟ್ಟು, “ಅಡುಗೆಮನೆ ನಲ್ಲಿ ಸ್ವಲ್ಪ ಬಿಗಿ. ಇಂಥ ಹೊತ್ತಲ್ಲಿ ನೀನು ತಿರುಗಿಸೋಕೆ ಹೋಗ್ಬೇಡಮ್ಮ, ಅವರಿಗೆ ಹೇಳು,” ಎಂದಳು.

ಬಾಡಿಗೆ ಮನೆಯ ಮೆಟ್ಟಿಲ ಬುಡದಲ್ಲಿ ಲಾರಿಯ ಹಮಾಲಿ ಭಾವನ ಕುರ್ಚಿಯ ಮುಂಭಾಗ ಹಿಡಿದ, ಇವನು ಹಿಂಭಾಗ. ಚಿಕ್ಕ ಸಿಲಿಂಡರನ್ನು ಕಂಕುಳಲ್ಲಿ ಅವುಚಿಕೊಂಡು ಅಕ್ಕ ಜೊತೆಗೇ ಹತ್ತಿದಳು. ಮೆಟ್ಟಿಲು ಇಕ್ಕಟ್ಟು. ತಿರುವಿನಲ್ಲಿ ಭಾವನ ಮೊಣಕಾಲು ಗೋಡೆಗೆ ಉಜ್ಜಿತು. ಎರಡನೇ ಮಹಡಿಯಲ್ಲಿ ಭಾವ ಕೈ ಎತ್ತಿದ. ಇಳಿಸಿದರು. ತುಟಿ ನೀಲಿಯಾಗಿತ್ತು. ಹಿಂದೆ ನಿಂತವನಿಗೆ ಭಾವನ ಹೆಗಲ ಮೂಳೆಗಳು ಅಂಗಿಯೊಳಗೆ ಏರಿಳಿಯುವುದು ಕಾಣುತ್ತಿತ್ತು, ಅದೆಷ್ಟು ಹೊತ್ತಾದರೂ ನಿಲ್ಲಲಿಲ್ಲ.

“ತೊಂದ್ರೆ ಕೊಟ್ಟೆ ಕಣಯ್ಯ,” ಎಂದ ಭಾವ ಕೊನೆಗೆ, ಒಂದೊಂದೇ ಮಾತು ಹೆಕ್ಕಿಕೊಳ್ಳುತ್ತ. “ಇನ್ನು ಇಳಿಸೋದು ಒಂದೇ ಸಲ. ಅವತ್ತು... ನಿಲ್ಲಿಸಿ ಅಂತ ಕೇಳಲ್ಲ.”

ಹಮಾಲಿ ನಕ್ಕ. ಉಳಿದವರು ನಗಲಿಲ್ಲ.

ಮೇಲೆ ತಂದು ಮಂಚಕ್ಕೆ ಮಲಗಿಸಿದರು. ಅಕ್ಕ ಕಿಟಕಿ ತೆರೆದಳು. ಎದುರಿಗೆ ಕೈ ಚಾಚಿದರೆ ಮುಟ್ಟುವಂತೆ ಪಕ್ಕದ ಕಟ್ಟಡದ ಗೋಡೆ, ಗಾಳಿಯ ಸುಳಿವೇ ಇಲ್ಲ.

“ಅಕ್ಕ, ಆ ನೆಲಮಹಡಿ ಮನೆ ಇನ್ನೂ ಖಾಲಿ ಇದ್ರೆ ನಾನು ಹೇಗಾದ್ರೂ ಹೊಂದಿಸಿ...”

“ಹೋಯ್ತು ಅದು. ನಿನ್ನೆ ಯಾರೋ ಬಂದ್ರಂತೆ.”

ಅಷ್ಟು ಹೇಳಿ ಕೈಚೀಲ ತೆರೆದಳು. ಹಮಾಲಿಗೆ ಕೂಲಿ ಕೊಟ್ಟಳು. ಅಷ್ಟೇ ನೋಟುಗಳನ್ನು ಮತ್ತೆ ಎಣಿಸಿ ತಮ್ಮನ ಮುಂದೆ ಹಿಡಿದಳು.

“ಅಕ್ಕಾ!”

“ಯಾಕೆ? ಹೊತ್ತಿದೀಯಲ್ಲ. ಕೆಲಸ ಮಾಡಿಸ್ಕೊಂಡು ಬರಿಗೈಲಿ ಕಳಿಸೋ ಜನ ಅಲ್ಲ ನಾವು.” ಅವಳ ದನಿ ಏರಲಿಲ್ಲ, ಕಣ್ಣು ಒದ್ದೆಯಾಗಲಿಲ್ಲ. “ಪೂರ್ತಿ ನೀನೇ ಇಟ್ಕೋ. ಯಾರಿಗೂ ಹಂಚಬೇಡ.”

“ತಗೊಳ್ಳಿ ಸ್ವಾಮಿ, ನಾಚಿಕೆ ಏನು,” ಎಂದ ಹಮಾಲಿ, ಏನೂ ತಿಳಿಯದೆ. “ಬೆವರು ಸುರಿಸಿದ ದುಡ್ಡು.”

ಬೇಡ ಎನ್ನಬೇಕೆಂದುಕೊಂಡ. ಅಷ್ಟರಲ್ಲಿ ಅವನ ಕೈ ತನ್ನ ಪಾಡಿಗೆ ತಾನು ಮುಂದೆ ಬಂದಿತ್ತು. ಅಕ್ಕ ನೋಟುಗಳನ್ನು ಅದರಲ್ಲಿಟ್ಟು, ಭಾವನ ದಿಂಬು ಸರಿಮಾಡಲು ತಿರುಗಿದಳು.